ನಿವೃತ್ತಿಯ ನಂತರದ ಕೆಲಸ: ಮೊದಲು ಒಂದು ಮಳೆಗಾಲ ಕಳೆಯಲಿ

"ಬರುವ ವರ್ಷ ರಿಟೈರ್ ಆಗ್ತೇನೆ. ಸುಮ್ನೆ ಕೂರೋಕೆ ಆಗಲ್ಲ. ಊರಿಗೆ ಬಂದು ಏನಾದ್ರೂ ಮಾಡ್ಬೇಕು. ಏನು ಮಾಡಲಿ?" ನನ್ನನ್ನು ಜನ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದವರು ಕೇಳಿದ್ದಾರೆ. ಕಾರವಾರದ ಸರ್ಕಾರಿ ಕಚೇರಿಗಳಲ್ಲಿ ಇದ್ದವರು ಕೇಳಿದ್ದಾರೆ. ಮೂವತ್ತು ವರ್ಷ ಬೆಂಗಳೂರಿನಲ್ಲಿ ದುಡಿದು ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯ ಹಳೇ ಮನೆಗೆ ಮರಳುವವರಂತೂ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಾನು ಬ್ಯಾಂಕಿನಲ್ಲಿ ಇದ್ದವನು. ನಿವೃತ್ತರ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿ ಹೋಗುತ್ತದೆ ಅನ್ನೋದನ್ನು ಕೌಂಟರಿನ ಈಚೆ ಕುಳಿತು ತುಂಬಾ ವರ್ಷ ನೋಡಿದ್ದೇನೆ. ಅದಕ್ಕೇ ಮೊದಲು ಒಂದು ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವ ದೊಡ್ಡ ನಿರ್ಧಾರವನ್ನೂ ಡಿಸೆಂಬರಿನಲ್ಲಿ ಮಾಡಬೇಡಿ. ಡಿಸೆಂಬರಿನಲ್ಲಿ ಇಲ್ಲಿ ಎಲ್ಲವೂ ಚೆಂದ. ಬೆಳಿಗ್ಗೆ ಇಬ್ಬನಿ, ಅಂಗಳದಲ್ಲಿ ಅಡಿಕೆ, ರಾತ್ರಿ ಯಕ್ಷಗಾನದ ಚೆಂಡೆ. ಆಗ ಮನಸ್ಸಿಗೆ ಬಂದ ಯೋಜನೆ ಜುಲೈ ತಿಂಗಳ ಮಳೆಯಲ್ಲೂ ನಿಲ್ಲುತ್ತದಾ ನೋಡಿ, ಆಮೇಲೆ ಕೈಹಾಕಿ.

ಬೇಕಾಗುವುದು ಇಷ್ಟು: ಒಂದು ವರ್ಷದ ಸಮಯ, ಒಂದು ನೋಟ್‌ಬುಕ್, ನಿಮ್ಮ ಪಿಂಚಣಿ ಮತ್ತು ಗ್ರಾಚ್ಯುಟಿಯ ಲೆಕ್ಕ. ಮತ್ತೆ, ಮನೆಯವರ ಜೊತೆ ಮುಚ್ಚುಮರೆ ಇಲ್ಲದ ಮಾತು.

ಹಂತ 1: ದುಡ್ಡನ್ನೂ ಕೆಲಸವನ್ನೂ ಬೇರೆ ಮಾಡಿ

ಮಾಡುವ ಕೆಲಸದ ಮೇಲೆ ಮನೆ ಖರ್ಚು ನಿಂತಿದ್ದರೆ ಅದು ಇನ್ನೊಂದು ನೌಕರಿಯೇ ಆಗುತ್ತದೆ. ಬೇಡ ಅನ್ನಿಸಿದ ದಿನ ಬಿಡೋಕೆ ಆಗಲ್ಲ. ಹಾಗಾಗಿ ಕೈಗೆ ಬಂದ ಇಡುಗಂಟನ್ನು ಮೂರು ಪಾಲು ಮಾಡಿ.

ಮೊದಲ ಪಾಲು ಮನೆ ನಡೆಸೋಕೆ. ಪಿಂಚಣಿ ಸಾಲದಿದ್ದರೆ ಕೊರತೆ ತುಂಬುವಷ್ಟು ಬಡ್ಡಿ ಇದರಿಂದ ಬರಬೇಕು. ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದಕ್ಕೆ ಒಳ್ಳೆಯದು. 60 ವರ್ಷ ಆದವರು ಸೇರಬಹುದು. ನಿವೃತ್ತಿಯ ಹಣ ಪಡೆದವರಾದರೆ 55 ದಾಟಿದವರಿಗೂ ಅವಕಾಶ ಇದೆ, ಆದರೆ ಹಣ ಕೈಗೆ ಬಂದ ಮೂರು ತಿಂಗಳ ಒಳಗೆ ಇಡಬೇಕು. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಅವಧಿ 5 ವರ್ಷ. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ, ಇಟ್ಟ ದಿನದ ದರ ಆ 5 ವರ್ಷ ಬದಲಾಗುವುದಿಲ್ಲ. ತಿಂಗಳು ತಿಂಗಳು ಬಡ್ಡಿ ಬೇಕು ಅನ್ನುವವರಿಗೆ ಅಂಚೆಯ ಮಾಸಿಕ ಆದಾಯ ಯೋಜನೆ ಇದೆ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ.

ಎರಡನೇ ಪಾಲು ಆಸ್ಪತ್ರೆಗೆ. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡಬೇಕು. ಚಿಕಿತ್ಸೆಯ ಖರ್ಚಿನ ಜೊತೆ ಗಾಡಿ, ಲಾಡ್ಜು, ಜೊತೆಗೆ ಇರುವವರ ಊಟ ಎಲ್ಲ ಸೇರುತ್ತದೆ. ಈ ಹಣವನ್ನು ಬೇಗ ತೆಗೆಯೋಕೆ ಬರುವ ಹಾಗೆ ಇಡಿ.

ಮೂರನೇ ಪಾಲು ಹೊಸ ಕೆಲಸಕ್ಕೆ. ಪೂರ್ತಿ ಹೋದರೂ ಮನೆ ನಡೆಯಬೇಕು, ಅಷ್ಟು ಚಿಕ್ಕದಾಗಿರಲಿ.

ಎಚ್ಚರಿಕೆ: ನಮ್ಮಲ್ಲಿ ಸಹಕಾರಿ ಸಂಘಗಳು ಜಾಸ್ತಿ. ಪರಿಚಯದವರೇ ನಡೆಸುತ್ತಾರೆ, ಬ್ಯಾಂಕಿಗಿಂತ ಅರ್ಧ ಒಂದು ಪರ್ಸೆಂಟ್ ಹೆಚ್ಚು ಕೊಡುತ್ತಾರೆ. ಒಳ್ಳೆಯ ಸಂಘಗಳು ಖಂಡಿತ ಇವೆ. ಆದರೆ ಠೇವಣಿ ವಿಮೆ ಅನ್ನುವುದು ಬ್ಯಾಂಕುಗಳಿಗೆ ಮಾತ್ರ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ವಾಪಸ್ ಸಿಗುವ ವ್ಯವಸ್ಥೆ ಅದು. ಸಹಕಾರಿ ಬ್ಯಾಂಕುಗಳಿಗೂ ಅದು ಇದೆ. ಪತ್ತಿನ ಸಂಘ, ಸೌಹಾರ್ದ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ 'ಬ್ಯಾಂಕ್' ಅಂತ ಇದೆಯಾ, 'ಸಂಘ' ಅಂತ ಇದೆಯಾ ಓದಿ. ಗ್ರಾಚ್ಯುಟಿ ಪೂರ್ತಿ ಒಂದೇ ಸಂಘದಲ್ಲಿ ಇಟ್ಟು ಕಣ್ಣೀರು ಹಾಕಿದವರು ನನ್ನ ಎದುರೇ ಕುಳಿತಿದ್ದಾರೆ. ಆ ಮುಖಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಪದ ನಿಮ್ಮ ಕಾಗದದಲ್ಲಿ ಇರುತ್ತದೆ: 'ಕಮ್ಯುಟೇಶನ್'. ಪಿಂಚಣಿಯ ಒಂದು ಭಾಗವನ್ನು ಮುಂಚಿತವಾಗಿ ಇಡುಗಂಟಾಗಿ ಪಡೆಯುವುದು ಅಂತ ಅರ್ಥ. ಕೇಂದ್ರ ನೌಕರರು ಗರಿಷ್ಠ 40 ಪರ್ಸೆಂಟ್ ಹೀಗೆ ಪಡೆಯಬಹುದು. ಅಷ್ಟು ಪಿಂಚಣಿ 15 ವರ್ಷ ಕಡಿತವಾಗುತ್ತದೆ, ಆಮೇಲೆ ಮತ್ತೆ ಪೂರ್ತಿ ಬರುತ್ತದೆ. "ಇಡುಗಂಟು ಬಂತಲ್ಲ, ಹೋಂಸ್ಟೇ ಕಟ್ಟೋಣ" ಅಂತ ಹೊರಡುವ ಮೊದಲು ಆ 15 ವರ್ಷದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ.

ಹಂತ 2: ಮೂರು ತಿಂಗಳು ಏನನ್ನೂ ಒಪ್ಪಿಕೊಳ್ಳಬೇಡಿ

ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ಜನ ಬರುತ್ತಾರೆ. ದೇವಸ್ಥಾನದ ಕಮಿಟಿ, ಸಂಘದ ಖಜಾಂಚಿ ಸ್ಥಾನ, ಯಾರದೋ ಅಂಗಡಿಯ ಲೆಕ್ಕ, ವಿಮೆ ಏಜೆನ್ಸಿ. "ನಿಮಗೇನು, ಈಗ ಪುರುಸೊತ್ತು ಅಲ್ವಾ?" ಅನ್ನುವುದು ಎಲ್ಲರ ಮೊದಲ ಮಾತು. ಎಲ್ಲರಿಗೂ ಒಂದೇ ಉತ್ತರ ಕೊಡಿ: "ಮೂರು ತಿಂಗಳು ಕಳೆಯಲಿ, ನಾನೇ ಹೇಳ್ತೇನೆ."

ಈ ಮೂರು ತಿಂಗಳು ಸುಲಭ ಅಲ್ಲ. ಮೊದಲ ಸೋಮವಾರ ನಾನು ಎಂದಿನಂತೆ ಆರಕ್ಕೆ ಎದ್ದೆ. ಸ್ನಾನ ಮುಗಿಸಿ ಅಡುಗೆಮನೆಗೆ ಹೋದೆ. ನನ್ನ ಊಟದ ಡಬ್ಬಿಯ ಮೂರೂ ಗಿಣ್ಣಲು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಅದನ್ನು ಎತ್ತಿ ಕಪಾಟಿನಲ್ಲಿ ಇಡಬೇಕೋ ಬೇಡವೋ ಗೊತ್ತಾಗದೆ ಸುಮಾರು ಹೊತ್ತು ನಿಂತಿದ್ದೆ. ನಿಮಗೂ ಹಾಗೆ ಆಗಬಹುದು. ಆ ಖಾಲಿತನಕ್ಕೆ ಹೆದರಿ ಸಿಕ್ಕಿದ ಕೆಲಸ ಹಿಡಿದುಕೊಳ್ಳಬೇಡಿ.

ನೋಟ್‌ಬುಕ್ ಬೇಕಾಗುವುದು ಈಗ. ದಿನಾ ರಾತ್ರಿ ಎರಡು ಸಾಲು ಬರೆಯಿರಿ. ಇವತ್ತು ಯಾವ ಕೆಲಸದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ? ಯಾವುದರಲ್ಲಿ ಗಡಿಯಾರ ನೋಡಿದೆ? ತೊಂಬತ್ತು ದಿನ ಆದ ಮೇಲೆ ಓದಿ. ಮಾಡಬೇಕು ಅಂತ ನೀವು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದದ್ದೇ ಬೇರೆ, ಖುಷಿ ಕೊಟ್ಟದ್ದೇ ಬೇರೆ ಅಂತ ಕಾಣುವುದು ಸಾಮಾನ್ಯ.

ಹಂತ 3: ಕುರ್ಚಿ ಬಿಡಿ, ಕಸುಬು ಉಳಿಸಿಕೊಳ್ಳಿ

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಹೆಸರು ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಬೀಜ ಯಾವ ತಾಯಿಮರದಿಂದ ತರಬೇಕು, ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವ ಅವರ ತಿಳಿವಳಿಕೆ ಯಾವ ಶಾಲೆಯಿಂದಲೂ ಬಂದದ್ದಲ್ಲ. ಕೆಲಸದಿಂದ ನಿವೃತ್ತಿ ಆದ ಮೇಲೂ ಅವರು ಸಸಿಗಳನ್ನು ಬಿಡಲಿಲ್ಲ. 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಲಾಖೆಯ ಕೆಲಸ ಮುಗಿದರೂ ಕೈಯಲ್ಲಿದ್ದ ವಿದ್ಯೆ ಮುಗಿಯಲಿಲ್ಲ.

ನಿಮ್ಮ ಕೆಲಸದಲ್ಲೂ ಅಂಥದ್ದು ಇದೆ. ಹುದ್ದೆಯ ಹೆಸರು ಬಿಟ್ಟು, ನಿಜವಾಗಿ ಕೈಯಿಂದ ಏನು ಮಾಡುತ್ತಿದ್ದಿರಿ ಅದನ್ನು ಪಟ್ಟಿ ಮಾಡಿ. 'ಹಿರಿಯ ಸಹಾಯಕ' ಅಂತ ಬರೆಯಬೇಡಿ. 'ಹಳೇ ಕಡತದಿಂದ ಬೇಕಾದ ಕಾಗದ ಹುಡುಕಿ ತೆಗೆಯುತ್ತಿದ್ದೆ', 'ಸಿಟ್ಟಲ್ಲಿ ಬಂದವರನ್ನು ಸಮಾಧಾನ ಮಾಡುತ್ತಿದ್ದೆ', 'ಪಂಪು ಯಾಕೆ ನಿಂತಿತು ಅಂತ ಸದ್ದಿನಲ್ಲೇ ಹೇಳುತ್ತಿದ್ದೆ' ಅಂತ ಬರೆಯಿರಿ. ಊರಿಗೆ ಬೇಕಾಗಿರುವುದು ಇವೇ. ಪಹಣಿಯಲ್ಲಿ ಹೆಸರು ತಪ್ಪಾಗಿ ಅಲೆಯುವವರು, ವಿಧವಾ ವೇತನ ನಿಂತುಹೋದವರು ಪ್ರತಿ ಊರಲ್ಲೂ ಇದ್ದಾರೆ. ಕಾಗದದ ಕೆಲಸ ಬಲ್ಲವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ 'ಅರೆ ಕಾನೂನು ಸ್ವಯಂಸೇವಕ' ಅನ್ನುವ ಕೆಲಸ ಇದೆ. ವಕೀಲಿಕೆ ಅಲ್ಲ. ಜನರಿಗೆ ಅರ್ಜಿ ಬರೆದುಕೊಟ್ಟು, ಸರಿಯಾದ ಕಚೇರಿಗೆ ದಾರಿ ತೋರಿಸುವ ಕೆಲಸ. ನಿವೃತ್ತ ಶಿಕ್ಷಕರು, ನಿವೃತ್ತ ನೌಕರರನ್ನು ಇದಕ್ಕೆ ತೆಗೆದುಕೊಳ್ಳುತ್ತಾರೆ. ತಾಲೂಕು ನ್ಯಾಯಾಲಯದಲ್ಲಿ ವಿಚಾರಿಸಿ.

ಎಚ್ಚರಿಕೆ: ಕೇಂದ್ರ ಸರ್ಕಾರದ 'ಎ' ಗುಂಪಿನ ಅಧಿಕಾರಿಗಳು ನಿವೃತ್ತಿಯ ನಂತರ ಒಂದು ವರ್ಷದ ಒಳಗೆ ಖಾಸಗಿ ಕಂಪನಿ ಸೇರಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಉಳಿದವರೂ ತಮ್ಮ ಕಚೇರಿಯ ನಿಯಮ ಕೇಳಿಕೊಳ್ಳಿ. ಹಳೇ ಕಚೇರಿಯ ಗುತ್ತಿಗೆದಾರರು "ಸಲಹೆಗಾರರಾಗಿ ಬನ್ನಿ" ಅಂತ ಕರೆದರೆ, ಅವರಿಗೆ ಬೇಕಾಗಿರುವುದು ನಿಮ್ಮ ಅನುಭವವೋ ನಿಮ್ಮ ಪರಿಚಯವೋ ಅಂತ ಯೋಚಿಸಿ. ಪರಿಚಯವಾದರೆ ಬೇಡ ಅನ್ನಿ.

ಹಂತ 4: ಮನೆಯಲ್ಲಿ ಮಾತಾಡಿ

ನಿಮಗೆ ನಿವೃತ್ತಿ ಆಗಿದೆ, ಅಡುಗೆಮನೆಗೆ ಆಗಿಲ್ಲ. ಹೋಂಸ್ಟೇ, ಉಪ್ಪಿನಕಾಯಿ, ತೋಟಕ್ಕೆ ಬರುವ ಆಳುಗಳ ಊಟ, ಈ ಎಲ್ಲದರ ಅರ್ಧ ಭಾರ ಹೆಂಡತಿಯ ಮೇಲೆ ಬೀಳುತ್ತದೆ. ಅವರ ಮನಸ್ಸಿನಲ್ಲಿ ಬೇರೆಯೇ ಆಸೆ ಇರಬಹುದು. ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.

ಮಕ್ಕಳ ಹತ್ತಿರವೂ ಸ್ಪಷ್ಟವಾಗಿ ಹೇಳಬೇಕು. ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಪಂಚಗಂಗಾ ರೈಲು ಹತ್ತಿ ಬೆಂಗಳೂರಿಗೆ ಹೋದವರು ಎರಡು ವರ್ಷ ಅಲ್ಲೇ ಉಳಿದ ಉದಾಹರಣೆ ಬೇಕಾದಷ್ಟಿದೆ. ಮೊಮ್ಮಕ್ಕಳ ಜೊತೆ ಇರುವುದೇ ನಿಮ್ಮ ಇಷ್ಟವಾದರೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಇಲ್ಲವಾದರೆ, ವರ್ಷದಲ್ಲಿ ಯಾವ ತಿಂಗಳು ಅಲ್ಲಿ, ಯಾವ ತಿಂಗಳು ಇಲ್ಲಿ ಅಂತ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಂತ 5: ಚಿಕ್ಕದಾಗಿ ಮಾಡಿ, ಮಳೆಗಾಲ ದಾಟಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಕಾರವಾರದಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆ ನಾಲ್ಕು ತಿಂಗಳು ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಘಟ್ಟದ ರಸ್ತೆ ಬಂದಾಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮಳೆಯನ್ನು ಲೆಕ್ಕಕ್ಕೆ ಹಿಡಿಯದ ಯಾವ ಯೋಜನೆಯೂ ಇಲ್ಲಿ ನಡೆಯದು.

ನನ್ನದೇ ಅನುಭವ ಹೇಳುತ್ತೇನೆ. ನಾನು ಆರಿಸಿಕೊಂಡದ್ದು ಜೇನು. ತುಡುವೆ ಜೇನಿನ ನಾಲ್ಕು ಪೆಟ್ಟಿಗೆ ತಂದು ತೋಟದ ಅಂಚಿನಲ್ಲಿ ಇಟ್ಟೆ. ಮೊದಲ ಬೇಸಿಗೆ ತುಪ್ಪ ಚೆನ್ನಾಗಿ ಬಂತು. ಆಗಸ್ಟಿನಲ್ಲಿ ಮಳೆ ಒಂದು ದಿನ ಹೊಳವಾದಾಗ ಮುಚ್ಚಳ ತೆರೆದೆ. ಎರಡು ಪೆಟ್ಟಿಗೆಯಲ್ಲಿ ಸದ್ದೇ ಇರಲಿಲ್ಲ. ಎರಿಯ ಮೇಲೆ ಜೇಡರ ಬಲೆಯಂಥ ಬಿಳಿ ನೂಲು, ಅದರೊಳಗೆ ಮೇಣದ ಹುಳುಗಳು. ಅಡಿಮಣೆಯ ಮೇಲೆ ಕರಿ ಪುಡಿ. ಜೇನು ಬಿಟ್ಟು ಹೋಗಿಯಾಗಿತ್ತು. ಮಳೆಗಾಲದಲ್ಲಿ ಹೂವು ಕಡಿಮೆ. ಹೊರಗೆ ಹಾರೋಕೂ ಬಿಡುವು ಇರಲ್ಲ. ಆಗ ವಾರ ವಾರ ಸಕ್ಕರೆ ಪಾಕ ಇಡಬೇಕು, ಅಡಿಮಣೆ ಗುಡಿಸಬೇಕು. ನಾನು ಮಳೆಯ ನೆಪದಲ್ಲಿ ಬಿಟ್ಟಿದ್ದೆ. ನಾಲ್ಕರಲ್ಲಿ ಎರಡು ಹೋದವು. ಸಾಲ ಮಾಡಿ ನಲವತ್ತು ತಂದಿದ್ದರೆ?

ಜನ ಹೆಚ್ಚು ಕೇಳುವ ಕೆಲವು ಕೆಲಸಗಳನ್ನು ಹೀಗೆ ಪರೀಕ್ಷೆ ಮಾಡಿ ನೋಡಬಹುದು.

ಅಡಿಕೆ ತೋಟ: ಹೊಸದಾಗಿ ಸಸಿ ನೆಟ್ಟರೆ ಫಸಲು ಕಾಣೋಕೆ ಐದಾರು ವರ್ಷವಾದರೂ ಬೇಕು. 60ರಲ್ಲಿ ನೆಡುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಣ್ಣತಮ್ಮಂದಿರ ಅಥವಾ ನೆಂಟರ ತೋಟದಲ್ಲಿ ಒಂದು ವರ್ಷ ಜೊತೆಗಿದ್ದು ಕೆಲಸ ಮಾಡಿ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನ ಅಲ್ಲಿರಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಲೆಕ್ಕ. ಮಳೆ ಬಿಡುವು ಕೊಟ್ಟ ಆ ಎರಡು ದಿನದಲ್ಲಿ ಮರ ಹತ್ತುವ ಕೊನೆಗೌಡ ಸಿಗುವುದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತದೆ. ಕೊಯ್ಲಿನ ಕಾಲದಲ್ಲಿ ಶಿರಸಿಯ ಟಿ.ಎಸ್.ಎಸ್. (ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ) ಅಂಗಳಕ್ಕೆ ಹೋಗಿ ಒಂದು ಬೆಳಿಗ್ಗೆ ಟೆಂಡರ್ ನೋಡಿ. 1923ರಲ್ಲಿ ಹುಟ್ಟಿದ ಸಂಘ ಅದು. ಎಳೆಯದನ್ನು ಬೇಯಿಸಿ ಒಣಗಿಸಿದ ರಾಶಿ, ಹಣ್ಣನ್ನು ಹಾಗೇ ಒಣಗಿಸಿದ ಚಾಲಿ ಅಂತ ಅಡಿಕೆ ಹೇಗೆ ಬೇರೆ ಆಗುತ್ತದೆ, ದರ ಹೇಗೆ ಏರಿಳಿಯುತ್ತದೆ ಕಣ್ಣಾರೆ ಕಾಣುತ್ತದೆ. ಕೃಷಿಯ ಸಂದೇಹಗಳಿಗೆ ಶಿರಸಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಹಿಂಜರಿಯದೆ ಹೋಗಿ.

ಹೋಂಸ್ಟೇ: ಕಟ್ಟುವ ಮೊದಲು ಇರುವ ಒಂದೇ ಕೋಣೆಯಲ್ಲಿ ಪರಿಚಯದವರ ಪರಿಚಯದವರನ್ನು ಎಂಟು ಹತ್ತು ಸಲ ಉಳಿಸಿಕೊಳ್ಳಿ. ಬಂದವರಿಗೆ ಆಸರಿಗೆ, ಅಂದರೆ ಕುಡಿಯೋಕೆ ಏನಾದರೂ, ಕೊಟ್ಟು ಕುಳಿತು ಮಾತಾಡುವುದು ಒಂದು ದಿನಕ್ಕೆ ಚೆಂದ. ಸತತ ಮೂರು ವಾರಾಂತ್ಯ ಅಪರಿಚಿತರು ಮನೆ ತುಂಬಿದಾಗಲೂ ಖುಷಿ ಉಳಿಯುತ್ತದಾ ನೋಡಿ. ನಡೆಸುವುದೇ ಅಂತಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಬೇಕು. ಗೋಕರ್ಣದ ಕಡೆಯವರಿಗೆ ಇದು ತುಂಬಾ ಮುಖ್ಯ.

ತಿಂಡಿ ತಿನಿಸು: ಅಪ್ಪೆಮಿಡಿ, ಹಲಸಿನ ಹಪ್ಪಳ, ಮುರುಗಲು ಶರಬತ್ತು, ತೊಡೆದೇವು. ಮೊದಲ ವರ್ಷ ಮನೆಗೆ ಮಾಡುವುದರ ಎರಡು ಪಟ್ಟು ಮಾತ್ರ ಮಾಡಿ. ಮಾರುವುದು ಕಷ್ಟ ಅಲ್ಲ. ಮಳೆಗಾಲದ ತಂಪಿನಲ್ಲಿ ಬೂಸಲು ಬರದ ಹಾಗೆ ಇಡುವುದು ಕಷ್ಟ.

ಪಾಠ ಹೇಳುವುದು: ಬಂಡವಾಳ ಬೇಡ, ಮಳೆಗೂ ನಿಲ್ಲಬೇಕಾಗಿಲ್ಲ. ವಾರಕ್ಕೆ ಎರಡು ಸಂಜೆ, ಐದಾರು ಮಕ್ಕಳಿಂದ ಶುರು ಮಾಡಿ. ಗಣಿತ, ಇಂಗ್ಲಿಷಿಗೆ ಹಳ್ಳಿಗಳಲ್ಲಿ ತುಂಬಾ ಬೇಡಿಕೆ ಇದೆ. ನನ್ನ ಮಟ್ಟಿಗೆ ಮೊದಲ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಒಂದು ಸಂಜೆ ತಪ್ಪಿಸಿದರೆ "ಅಜ್ಜ, ನಿನ್ನೆ ಯಾಕೆ ಇರ್ಲಿಲ್ಲ?" ಅಂತ ಕೇಳುವವರು ಇರುತ್ತಾರೆ. ಹಾಗೆ ಯಾರಾದರೂ ಕಾಯುತ್ತಿರುವುದು ನಿವೃತ್ತಿಯಲ್ಲಿ ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು.

ಹಂತ 6: ಜಾಗ ಕೊಳ್ಳುವುದಾದರೆ

2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಅಷ್ಟಕ್ಕೇ ನಮ್ಮ ಜಿಲ್ಲೆಯಲ್ಲಿ ಜಾಗ ಕೊಳ್ಳುವುದು ಸುಲಭ ಅಂದುಕೊಳ್ಳಬೇಡಿ. ಮಾರುವವರು ತೋರಿಸುವ ಹಸಿರೆಲ್ಲ ಅವರದ್ದಲ್ಲ. ಮೂರು ಪದ ತಿಳಿದಿರಲಿ. 'ಮಾಲ್ಕಿ' ಅಂದರೆ ಸ್ವಂತ ಹಕ್ಕಿನ ಭೂಮಿ. ಕೊಳ್ಳಬೇಕಾದದ್ದು ಇದನ್ನು ಮಾತ್ರ. 'ಸೊಪ್ಪಿನ ಬೆಟ್ಟ' ಅಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರೋಕೆ ಸೌಲಭ್ಯ ಕೊಟ್ಟ ಜಾಗ. ಅಲ್ಲಿ ಮನೆ ಕಟ್ಟೋಕೆ ಬರುವುದಿಲ್ಲ. 'ಅತಿಕ್ರಮಣ' ಅಂದರೆ ಅರಣ್ಯದ ಜಾಗದಲ್ಲಿ ಮಾಡಿಕೊಂಡ ಸಾಗುವಳಿ. ಅದನ್ನು ಕೊಂಡರೆ ನಿಮ್ಮ ಕೈಗೆ ಬರುವುದು ಹಕ್ಕಲ್ಲ, ಕೇಸು.

ಪಹಣಿ ಮತ್ತು ನಕ್ಷೆ ತೆಗೆಸಿ. ಋಣಭಾರ ಪ್ರಮಾಣಪತ್ರ ತೆಗೆಸಿ, ಅಂದರೆ ಆ ಜಾಗದ ಮೇಲೆ ಸಾಲ ಅಥವಾ ಹಳೇ ವ್ಯವಹಾರ ಇದೆಯೇ ಅಂತ ತೋರಿಸುವ ಪತ್ರ. ಸಮುದ್ರದ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡಿ. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 500 ಮೀಟರ್ ಒಳಗೆ ಕಟ್ಟೋಕೆ ನಿರ್ಬಂಧಗಳಿವೆ. ಉಪ್ಪುನೀರು ಏರಿ ಬರುವ ಹೊಳೆಯ ದಡಕ್ಕೂ ನಿಯಮ ಇದೆ. ಕೊನೆಗೆ, ಜುಲೈನಲ್ಲಿ ಹೋಗಿ ಆ ಜಾಗದಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಯಾವ ಕಾಗದವೂ ಹೇಳುವುದಿಲ್ಲ.

ಹಂತ 7: ಬೇಕಾದ ನೋಂದಣಿ

ತಿನಿಸು ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಣ್ಣ ವ್ಯವಹಾರಕ್ಕೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ಯಮ ಅಂತ ಗುರುತಿಸಿಕೊಳ್ಳೋಕೆ 'ಉದ್ಯಮ್' ನೋಂದಣಿ ಇದೆ. ಅದು ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಶುಲ್ಕ ಕೇಳುವ ತಾಣ ಕಂಡರೆ ಅಲ್ಲಿಂದ ಹೊರಗೆ ಬನ್ನಿ.

ಹೊಸ ಕೆಲಸದ ಗಡಿಬಿಡಿಯಲ್ಲಿ ನವೆಂಬರ್ ಮರೆಯಬೇಡಿ. ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ಅದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ.

ಹಂತ 8: ಬೆಲೆ ಹೇಳಿ, ಬೇಡ ಅನ್ನಲೂ ಕಲಿಯಿರಿ

ನಮ್ಮ ಕಡೆ ಹಿರಿಯರು ದುಡ್ಡು ಕೇಳೋಕೆ ಸಂಕೋಚಪಡುತ್ತಾರೆ. "ಅಯ್ಯೋ ಇರಲಿ ಬಿಡಿ" ಅಂತ ಆರು ತಿಂಗಳು ಮಾಡಿ, ಏಳನೇ ತಿಂಗಳು ಬೇಸರಪಟ್ಟು ಬಿಡುತ್ತಾರೆ. ಯಾವುದು ಸೇವೆ, ಯಾವುದು ದುಡಿಮೆ ಅಂತ ಮೊದಲೇ ಬೇರೆ ಮಾಡಿ. ನಾನು ಊರಿನವರ ಅರ್ಜಿ ಬರೆಯೋಕೆ ಹಣ ತೆಗೆದುಕೊಳ್ಳುವುದಿಲ್ಲ. ಜೇನುತುಪ್ಪವನ್ನು ಅಣ್ಣನ ಮನೆಗೂ ಬೆಲೆಗೇ ಕೊಡುತ್ತೇನೆ. ಇಬ್ಬರಿಗೂ ಬೇಸರ ಇಲ್ಲ.

ವಾರದಲ್ಲಿ ಎರಡು ದಿನ ಪೂರ್ತಿ ಖಾಲಿ ಇಡಿ. ಆ ದಿನ ಯಾರು ಕರೆದರೂ "ಇವತ್ತು ಆಗಲ್ಲ" ಅನ್ನಿ. ಕಾರಣ ಕೊಡಬೇಕಾಗಿಲ್ಲ. ಮೊದಲ ತಿಂಗಳು ಕಷ್ಟ ಆಗುತ್ತದೆ. ಆಮೇಲೆ ಊರಿಗೇ ರೂಢಿ ಆಗುತ್ತದೆ.

ಹಂತ 9: ಕಲಿಸಿ, ಕೈ ಬದಲಿಸಿ

ಶುರು ಮಾಡಿದ ಎರಡನೇ ವರ್ಷದಲ್ಲೇ ಜೊತೆಗೆ ಒಬ್ಬರನ್ನು ಹುಡುಕಿಕೊಳ್ಳಿ. ಮೊಣಕಾಲು ಯಾವತ್ತು ಬೇಡ ಅನ್ನುತ್ತದೋ ಹೇಳೋಕೆ ಆಗಲ್ಲ. ಹತ್ತು ದಿನ ಆಸ್ಪತ್ರೆ ಸೇರಿದರೆ ಕೆಲಸ ನಿಲ್ಲಬಾರದು. ಸಂಬಳ ಕೊಡಲು ಆಗದಿದ್ದರೆ ಪಾಲು ಕೊಡಿ, ಎಷ್ಟು ಪಾಲು ಅಂತ ಬರೆದುಕೊಡಿ.

ನನ್ನ ಜೊತೆ ಪಕ್ಕದ ಮನೆಯ ಹುಡುಗ ಇದ್ದಾನೆ. ಐಟಿಐ ಓದುತ್ತಿದ್ದಾನೆ. ಈಗ ಪೆಟ್ಟಿಗೆ ಹನ್ನೊಂದು ಆಗಿವೆ. ಕಳೆದ ಮಳೆಗಾಲದಲ್ಲಿ ಒಂದೂ ಹೋಗಲಿಲ್ಲ. ಸಕ್ಕರೆ ಪಾಕ ಇಡುವ ದಿನ ಅವನೇ ನೆನಪು ಮಾಡುತ್ತಾನೆ. ಮುಚ್ಚಳ ತೆಗೆದು ಎರಿ ಎತ್ತುವುದು ಅವನು. ನಾನು ತೆಂಗಿನ ನಾರಿನ ಹೊಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. "ರಾಣಿ ಕಾಣ್ತು, ಮಾವ" ಅಂತ ಅವನು ಪಿಸುಗುಟ್ಟಿದಾಗ ಬಗ್ಗಿ ನೋಡುತ್ತೇನೆ.